ಶಿವನಸಮುದ್ರ: ಎತ್ತರವೇ ಆಸ್ತಿಯಾದ ನಡುಗಡ್ಡೆ

ಮಳೆಗಾಲದಲ್ಲಿ ಗೋಕಾಕ ಜಲಪಾತವನ್ನು ನೋಡದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ವಿರಳ. ಹುಕ್ಕೇರಿಯ ಕಡೆಯಿಂದ ಹರಿದು ಬರುವ ಘಟಪ್ರಭೆಯು ಇಲ್ಲಿ ಕುದುರೆಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಸುಮಾರು 52 ಮೀಟರು, ಎಂದರೆ 171 ಅಡಿಗಳಷ್ಟು ಕೆಳಕ್ಕೆ ಒಮ್ಮೆಲೇ ಧುಮುಕುತ್ತದೆ. ಹೀಗೆ ಧುಮುಕುವ ನೀರಿನ ಬಲವನ್ನು ಬಳಸಿಕೊಂಡು ನದಿಯ ದಂಡೆಯ ಮೇಲಿನ ನೂಲಿನ ಗಿರಣಿಯು 1887ರಲ್ಲಿ ಕೆಲಸಕ್ಕೆ ತೊಡಗಿತು. ಅಂದಿನ ಕಾಲಕ್ಕೆ ಅದೊಂದು ಸಾಹಸವೇ ಸರಿ. ಆದರೆ ಆ ಬಲವು ಜಲಪಾತದ ಬದಿಯಲ್ಲಿಯೇ ಉಳಿಯಿತು. ನೀರು ಎಲ್ಲಿ ಬೀಳುತ್ತಿತ್ತೋ ಅಲ್ಲಿಗೇ ಹತ್ತಿಯನ್ನು ಹೊತ್ತು ತರಬೇಕಾಯಿತು.

ಇದಾದ ಹದಿನೈದು ವರ್ಷಗಳಲ್ಲಿಯೇ, 1902ರಲ್ಲಿ, ದಕ್ಷಿಣದ ಇನ್ನೊಂದು ಜಲಪಾತದ ಬಲವು ತಂತಿಯ ಮೇಲೇರಿ 92 ಮೈಲಿಗಳ, ಎಂದರೆ ಸುಮಾರು 147 ಕಿಲೋಮೀಟರುಗಳ ಆಚೆಗಿದ್ದ ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಹದಿನೈದು ವರ್ಷಗಳಲ್ಲಿ ಇಷ್ಟು ದೊಡ್ಡ ಅಂತರ ಹೇಗೆ ಉಂಟಾಯಿತು? ಆ ಬಲದಿಂದ ಯಾರಿಗೆ ಏನು ದೊರೆಯಿತು? ಇವೆರಡು ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಕಾವೇರಿಯ ನಡುವಿನ ಒಂದು ಸಣ್ಣ ನಡುಗಡ್ಡೆಯನ್ನು ನಾವು ಪರಿಚಯ ಮಾಡಿಕೊಳ್ಳಬೇಕು. ಅದರ ಹೆಸರು ಶಿವನಸಮುದ್ರ.

ನಡುಗಡ್ಡೆಯ ಭೂಗೋಲ

ದ್ವೀಪವೆಂದೊಡನೆ ನಮ್ಮ ಮನಸ್ಸು ಕಡಲಿನ ಕಡೆಗೆ ಓಡುತ್ತದೆ. ಆದರೆ ನಾಲ್ಕು ಕಡೆಯೂ ನೀರಿನಿಂದ ಸುತ್ತುವರಿದ ನೆಲವೆಲ್ಲವೂ ದ್ವೀಪವೇ. ಆ ನೀರು ಉಪ್ಪಾಗಿರಬೇಕೆಂಬ ನಿಯಮವೇನೂ ಇಲ್ಲ. ನದಿಯು ಗಟ್ಟಿಯಾದ ಬಂಡೆಯ ನೆಲಕ್ಕೆ ಎದುರಾದಾಗ ಅದನ್ನು ಕೊರೆದು ಹೋಗಲಾರದೆ ಎರಡು ಕವಲುಗಳಾಗಿ ಒಡೆದು, ಮುಂದೆ ಮತ್ತೆ ಕೂಡಿಕೊಳ್ಳುವುದುಂಟು. ಆ ಎರಡು ಕವಲುಗಳ ನಡುವೆ ಉಳಿಯುವ ನೆಲವನ್ನು ನಾವು ನಡುಗಡ್ಡೆಯೆನ್ನುತ್ತೇವೆ. ಕಾವೇರಿಯಲ್ಲಿ ಇಂತಹ ಮೂರು ನಡುಗಡ್ಡೆಗಳು ಪ್ರಸಿದ್ಧವಾಗಿವೆ: ಶ್ರೀರಂಗಪಟ್ಟಣ, ಶಿವನಸಮುದ್ರ ಮತ್ತು ತಮಿಳುನಾಡಿನ ಶ್ರೀರಂಗ. ಮೂರರಲ್ಲಿಯೂ ರಂಗನಾಥನ ಗುಡಿಯಿರುವುದರಿಂದ ಭಕ್ತರು ಇವನ್ನು ಕ್ರಮವಾಗಿ ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಕರೆಯುವುದು ವಾಡಿಕೆ.

ಶಿವನಸಮುದ್ರವು ಸುಮಾರು ಮೂರು ಮೈಲಿ ಉದ್ದ ಹಾಗೂ ಮುಕ್ಕಾಲು ಮೈಲಿ ಅಗಲವುಳ್ಳ ಸಣ್ಣ ನೆಲ. ಇಂದು ಇದು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದೆ. ನದಿಯ ಎಡದಂಡೆಯು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದೆ. ನಡುಗಡ್ಡೆಯನ್ನು ಬಳಸಿ ಹೋಗುವ ಎರಡು ಕವಲುಗಳೂ ತಮ್ಮ ತಮ್ಮ ದಾರಿಯಲ್ಲಿ ಒಂದೊಂದು ಜಲಪಾತವನ್ನು ಉಂಟುಮಾಡುತ್ತವೆ. ಪಶ್ಚಿಮದ ಕವಲು ಗಗನಚುಕ್ಕಿ. ಪೂರ್ವದ ಕವಲು ಭರಚುಕ್ಕಿ. ಕವಲುಗಳು ಬೇರೆಬೇರೆಯಾದರೂ ಕೊನೆಗೆ ಒಂದೇ ಕಣಿವೆಯಲ್ಲಿ ಕೂಡುವುದರಿಂದ, ನಡುಗಡ್ಡೆಯ ಮೇಲ್ತುದಿಯಿಂದ ಕೆಳತುದಿಗೆ ಬರುವಷ್ಟರಲ್ಲಿ ನದಿಯು ಸುಮಾರು ನೂರು ಮೀಟರಿನಷ್ಟು ಕೆಳಗಿಳಿದಿರುತ್ತದೆ.

ನಮ್ಮ ಗೋಕಾಕ ಜಲಪಾತಕ್ಕೂ ಇದಕ್ಕೂ ರೂಪದಲ್ಲಿ ಒಂದು ವ್ಯತ್ಯಾಸವಿದೆ. ಗೋಕಾಕದಲ್ಲಿ ಪದರುಪದರಾಗಿ ಕೂಡಿಕೊಂಡ ಗಟ್ಟಿ ಮರಳುಗಲ್ಲಿನ ಅಂಚಿನಿಂದ ನೀರು ನೆಟ್ಟಗೆ ಬೀಳುತ್ತದೆ. ಶಿವನಸಮುದ್ರದ ಬಂಡೆಯಾದರೋ ಅತಿ ಪ್ರಾಚೀನವಾದ, ಹರಳುಗಟ್ಟಿದ ಕಲ್ಲು; ಅದರಲ್ಲಿ ಅಂತಹ ಸಮನಾದ ಪದರುಗಳಿಲ್ಲ. ಆದುದರಿಂದ ನೀರು ಬಂಡೆಯಿಂದ ಬಂಡೆಗೆ ಒಡೆದು, ಹಲವು ಎಳೆಗಳಾಗಿ, ಮೆಟ್ಟಿಲಿಳಿಯುವಂತೆ ಇಳಿಯುತ್ತದೆ. ನೋಟಕ್ಕೆ ಎರಡೂ ರಮ್ಯವೇ. ಆದರೆ ಭೌತಶಾಸ್ತ್ರಜ್ಞನ ಲೆಕ್ಕದಲ್ಲಿ ನೀರು ಹೇಗೆ ಇಳಿಯಿತೆಂಬುದು ಮುಖ್ಯವಲ್ಲ, ಎಷ್ಟು ಇಳಿಯಿತೆಂಬುದೇ ಮುಖ್ಯ.

ಚರಿತ್ರೆಯ ನಾಲ್ಕು ಮಾತು

ನೀರೇ ಕಂದಕವಾಗಿರುವ ಸ್ಥಳವನ್ನು ಹಿಂದಿನ ಪಾಳೆಯಗಾರರು ಬಿಟ್ಟಾರೆಯೇ? ಉಮ್ಮತ್ತೂರಿನ ಗಂಗರಾಜನು ಈ ನಡುಗಡ್ಡೆಯನ್ನು ತನ್ನ ಭದ್ರವಾದ ನೆಲೆಯನ್ನಾಗಿ ಮಾಡಿಕೊಂಡಿದ್ದನು. 1509ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಕೃಷ್ಣದೇವರಾಯನು ಕೆಲವೇ ವರ್ಷಗಳಲ್ಲಿ ಉಮ್ಮತ್ತೂರಿನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ವಶಪಡಿಸಿಕೊಂಡನು. ಆ ಬಳಿಕ ಊರು ಕ್ರಮೇಣ ಹಾಳಾಗಿ, ಕಾಡು ಬೆಳೆದು, ಗುಡಿಗಳು ಮಾತ್ರ ಉಳಿದುವು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮೈಸೂರು ರೆಸಿಡೆನ್ಸಿಯ ನೌಕರನಾಗಿದ್ದ ರಾಮಸ್ವಾಮಿ ಮೊದಲಿಯಾರನೆಂಬವನು ನಡುಗಡ್ಡೆಗೆ ಮತ್ತೆ ಜೀವ ತುಂಬಲು ಯತ್ನಿಸಿದನು. ಪ್ರವಾಹಕ್ಕೆ ಸಿಕ್ಕಿ ಶಿಥಿಲವಾಗಿದ್ದ ಕಲ್ಲುಕಂಬದ ಸೇತುವೆಗಳನ್ನು ಅವನು ಪುನಃ ಕಟ್ಟಿಸಿ, ಅದಕ್ಕೆ ಪ್ರತಿಫಲವಾಗಿ ಜಹಗೀರನ್ನು ಪಡೆದನು. ಹಳೆಯ ಸೇತುವೆಗಳಲ್ಲೊಂದರ ಕೆಲವು ಭಾಗವು 2018ರ ಮಹಾಪ್ರವಾಹದಲ್ಲಿ ಕೊಚ್ಚಿಹೋಯಿತು. ಸುಮಾರು ಎರಡು ಶತಮಾನಗಳ ಕಾಲ ಆ ಕಂಬಗಳು ಕಾವೇರಿಯ ಹೊಡೆತವನ್ನು ತಡೆದುಕೊಂಡು ನಿಂತಿದ್ದುವೆಂಬುದು ಅವನ್ನು ನಿಲ್ಲಿಸಿದವರ ಕೌಶಲಕ್ಕೆ ಸಾಕ್ಷಿ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಿಮತ್ತೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ನಡುಗಡ್ಡೆಯು ಮದರಾಸಿನದು. ಎಡದಂಡೆಯು ಮೈಸೂರು ಸಂಸ್ಥಾನದ್ದು. ಒಂದೇ ಕವಲಿನ ಎರಡು ದಡಗಳಲ್ಲಿ ಎರಡು ಸರಕಾರಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಾಗಲೇ ಎರಡು ದಡಗಳೂ ಒಂದಾದುವು. ನಮ್ಮ ಬೆಳಗಾವಿ ಜಿಲ್ಲೆಯು ಮುಂಬಯಿಯಿಂದ ಬಂದು ಸೇರಿದುದೂ ಅದೇ ವರ್ಷವೇ.

ಎತ್ತರದ ಬೆಲೆ

ಈಗ ಭೌತಶಾಸ್ತ್ರಕ್ಕೆ ಬರೋಣ. ಎತ್ತರದಲ್ಲಿರುವ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿಯಿದೆಯೆಂದು ನೀವು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೀರಿ. ಅದರ ಮೊತ್ತವು ವಸ್ತುವಿನ ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ, ಈ ಮೂರರ ಗುಣಲಬ್ಧಕ್ಕೆ ಸಮ. ಲೆಕ್ಕದ ಅನುಕೂಲಕ್ಕಾಗಿ ಶಿವನಸಮುದ್ರದ ಇಳಿತವನ್ನು 100 ಮೀಟರೆಂದೇ ಹಿಡಿಯೋಣ. ಒಂದು ಲೀಟರು ನೀರಿನ ರಾಶಿ ಒಂದು ಕಿಲೋಗ್ರಾಂ. ಅದು 100 ಮೀಟರು ಇಳಿದಾಗ 1 × 9.8 × 100, ಎಂದರೆ 980 ಜೂಲುಗಳಷ್ಟು ಶಕ್ತಿಯನ್ನು ಬಿಟ್ಟುಕೊಡುತ್ತದೆ. ಇಷ್ಟೂ ಶಕ್ತಿಯು ನಷ್ಟವಿಲ್ಲದೆ ವಿದ್ಯುತ್ತಾದರೆ 10 ವಾಟಿನ ಒಂದು ದೀಪವು ಒಂದೂವರೆ ನಿಮಿಷಕ್ಕೂ ತುಸು ಹೆಚ್ಚು ಹೊತ್ತು ಉರಿಯುತ್ತದೆ.

ಒಂದು ಲೀಟರಿನ ಶಕ್ತಿ ಅಲ್ಪವೆಂದು ತೋರಬಹುದು. ಆದರೆ ನದಿಯು ಲೀಟರುಗಳಲ್ಲಿ ಹರಿಯುವುದಿಲ್ಲ. ಸೆಕೆಂಡಿಗೆ ಒಂದು ಘನ ಮೀಟರು, ಎಂದರೆ ಸಾವಿರ ಲೀಟರು, ಇಳಿದರೆ 980 ಕಿಲೋವಾಟ್ ಸಾಮರ್ಥ್ಯ ದೊರೆಯುತ್ತದೆ. ಗೋಕಾಕದ 52 ಮೀಟರಿಗೆ ಇದೇ ಲೆಕ್ಕವನ್ನು ಹಾಕಿದರೆ ಬರುವುದು ಸುಮಾರು 510 ಕಿಲೋವಾಟ್. ಅಷ್ಟೇ ನೀರು, ಆದರೆ ಶಕ್ತಿ ಹೆಚ್ಚುಕಡಮೆ ಅರ್ಧ. ಎತ್ತರಕ್ಕೆ ಬೆಲೆಯಿದೆಯೆಂಬುದರ ಅರ್ಥ ಇದೇ.

ಶಿವನಸಮುದ್ರದಲ್ಲಿ ಈ ಎತ್ತರವನ್ನು ದುಡಿಸಿಕೊಳ್ಳುವ ಬಗೆ ಸರಳವಾದುದು. ಜಲಪಾತಕ್ಕಿಂತ ಮೇಲೆ ನದಿಗೆ ಒಡ್ಡನ್ನು ಹಾಕಿ, ನೀರಿನ ಒಂದು ಭಾಗವನ್ನು ಎಡದಂಡೆಯ ಕಾಲುವೆಗೆ ತಿರುಗಿಸಲಾಗಿದೆ. ಕಾಲುವೆಯು ಹೆಚ್ಚು ಇಳಿಜಾರಿಲ್ಲದೆ ಸಾಗುವುದರಿಂದ ನೀರು ತನ್ನ ಎತ್ತರವನ್ನು ಕಳೆದುಕೊಳ್ಳದೆಯೇ ಕಣಿವೆಯ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ದಪ್ಪನಾದ ಉಕ್ಕಿನ ಕೊಳವೆಗಳಲ್ಲಿ ಒಮ್ಮೆಲೇ ಕೆಳಗಿಳಿದು, ನದೀಪಾತ್ರದ ಬಳಿಯ ಯಂತ್ರಾಗಾರದಲ್ಲಿ ಟರ್ಬೈನಿನ ಚಕ್ರಗಳನ್ನು ತಿರುಗಿಸಿ, ಮತ್ತೆ ನದಿಯನ್ನು ಸೇರುತ್ತದೆ. ಬಂಡೆಗಳ ಮೇಲೆ ನೊರೆಯಾಗಿ, ಸದ್ದಾಗಿ, ತುಸು ಬಿಸಿಯಾಗಿ ವ್ಯರ್ಥವಾಗುತ್ತಿದ್ದ ಶಕ್ತಿಯು ಕೊಳವೆಯೊಳಗೆ ಸಿಕ್ಕಿ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಬಂದಿತು.

ತಂತಿಯ ಮೇಲೆ 147 ಕಿಲೋಮೀಟರು

ಆದರೆ ಶಕ್ತಿಯನ್ನು ಉತ್ಪಾದಿಸಿದ ಮಾತ್ರಕ್ಕೆ ಕೊಳ್ಳುವವರು ಬೇಡವೇ? ನಡುಗಡ್ಡೆಯ ಸುತ್ತಮುತ್ತ ಆಗ ಕಾರಖಾನೆಗಳಿರಲಿಲ್ಲ. ದೂರದ ಕೋಲಾರದಲ್ಲಿ ಮಾತ್ರ ಚಿನ್ನದ ಗಣಿಯ ಕಂಪನಿಗಳು ಆಳದಿಂದ ಅದಿರನ್ನು ಎತ್ತಲು, ಅದನ್ನು ಪುಡಿಮಾಡಲು ಉಗಿಯಂತ್ರಗಳನ್ನು ನಡೆಸುತ್ತಿದ್ದುವು. ಅವಕ್ಕೆ ಬೇಕಾದ ಕಲ್ಲಿದ್ದಲು ಬಹು ದೂರದಿಂದ ಬರಬೇಕಾಗಿತ್ತು. ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರು ಈ ಅವಕಾಶವನ್ನು ಕಂಡುಕೊಂಡರು. ಸಂಸ್ಥಾನದ ಸೇವೆಯಲ್ಲಿದ್ದ ಎಂಜಿನಿಯರ್ ಜೋಲಿ ಡ ಲೋಟ್‌ಬಿನಿಯೇರ್ ಎಂಬ ಸೇನಾಧಿಕಾರಿಯು ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ಜಲವಿದ್ಯುತ್ ಯೋಜನೆಗಳನ್ನು ಪರಿಶೀಲಿಸಿ ಬಂದನು. ಮೊದಲು ಗಣಿಯವರೊಡನೆ ಕರಾರು, ಆ ಬಳಿಕ ಕಟ್ಟಡ. ಇದು ಅಂದು ಅನುಸರಿಸಿದ ವಿವೇಕದ ಕ್ರಮ. ವಿದ್ಯುಜ್ಜನಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದುವು. ಭಾರವಾದ ಯಂತ್ರಭಾಗಗಳನ್ನು ಎತ್ತುಗಳ ಮತ್ತು ಆನೆಗಳ ಸಹಾಯದಿಂದ ಕಣಿವೆಗೆ ಸಾಗಿಸಲಾಯಿತು.

ಗೋಕಾಕದ ಬಲವು ದಂಡೆಯಲ್ಲಿಯೇ ಉಳಿದು, ಶಿವನಸಮುದ್ರದ ಬಲವು ಕೋಲಾರಕ್ಕೆ ಹೋದುದರ ಗುಟ್ಟು ಪರ್ಯಾಯ ಪ್ರವಾಹದಲ್ಲಿದೆ. ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ತಂತಿಯು ಬಿಸಿಯಾಗಿ ಶಕ್ತಿಯು ನಷ್ಟವಾಗುತ್ತದೆ. ಈ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹವು ಇಮ್ಮಡಿಯಾದರೆ ನಷ್ಟವು ನಾಲ್ಮಡಿ. ಪ್ರವಾಹವು ಹತ್ತನೆಯ ಒಂದಂಶಕ್ಕೆ ಇಳಿದರೆ ನಷ್ಟವು ನೂರನೆಯ ಒಂದಂಶ. ಹಾಗಾದರೆ ಸಾಗಿಸುವ ಶಕ್ತಿಯನ್ನು ಕಡಮೆ ಮಾಡದೆ ಪ್ರವಾಹವನ್ನು ಮಾತ್ರ ಕಡಮೆ ಮಾಡುವುದು ಹೇಗೆ? ವೋಲ್ಟೇಜನ್ನು ಹೆಚ್ಚಿಸುವುದರಿಂದ.

ಒಂದು ಉದಾಹರಣೆಯನ್ನು ನೋಡಿರಿ. 100 ಕಿಲೋವಾಟನ್ನು 1,000 ವೋಲ್ಟಿನಲ್ಲಿ ಕಳುಹಿಸಬೇಕಾದರೆ ತಂತಿಯಲ್ಲಿ 100 ಆಂಪೇರು ಹರಿಯಬೇಕು. ಅದನ್ನೇ 30,000 ವೋಲ್ಟಿನಲ್ಲಿ ಕಳುಹಿಸಿದರೆ ಮೂರೂ ಕಾಲು ಆಂಪೇರಿಗಿಂತ ಸ್ವಲ್ಪ ಹೆಚ್ಚು ಸಾಕು. ಪ್ರವಾಹವು ಮೂವತ್ತನೆಯ ಒಂದಂಶವಾಯಿತು. ಅದೇ ತಂತಿಯಲ್ಲಿ ನಷ್ಟವು ಒಂಬೈನೂರನೆಯ ಒಂದಂಶವಾಯಿತು! ವೋಲ್ಟೇಜನ್ನು ಹೀಗೆ ಏರಿಸಿ ಇಳಿಸುವ ಸಾಧನವೇ ಪರಿವರ್ತಕ, ಎಂದರೆ ಟ್ರಾನ್ಸ್‌ಫಾರ್ಮರ್. ಕಬ್ಬಿಣದ ಒಂದೇ ತಿರುಳಿಗೆ ಎರಡು ಸುರುಳಿಗಳನ್ನು ಸುತ್ತಿ, ಒಂದರಲ್ಲಿ ಸದಾ ಬದಲಾಗುತ್ತಿರುವ ಪ್ರವಾಹವನ್ನು ಹರಿಸಿದರೆ ಇನ್ನೊಂದರಲ್ಲಿ ವೋಲ್ಟೇಜು ಹುಟ್ಟುತ್ತದೆ. ಸುತ್ತುಗಳು ಹೆಚ್ಚಾದಷ್ಟೂ ವೋಲ್ಟೇಜೂ ಹೆಚ್ಚು. ಪ್ರವಾಹವು ಬದಲಾಗದಿದ್ದರೆ ಈ ಕ್ರಿಯೆ ನಡೆಯದು. ಆದುದರಿಂದಲೇ ಪರ್ಯಾಯ ಪ್ರವಾಹವೇ ಬೇಕಾಯಿತು. ಶಿವನಸಮುದ್ರದ ಪ್ರವಾಹವು ಸೆಕೆಂಡಿಗೆ 25 ಸಲ ಆವರ್ತಿಸುತ್ತಿತ್ತು. ಇಂದು ನಮ್ಮ ಮನೆಗಳಿಗೆ ಬರುವುದು 50 ಆವರ್ತನೆಯದು.

1902ರ ಜೂನ್ 30ರಂದು, 30,000ಕ್ಕೆ ಕಡಮೆಯಿಲ್ಲದ ವೋಲ್ಟೇಜಿನಲ್ಲಿ, ಕಾವೇರಿಯ ಬಲವು ಕೋಲಾರದ ಗಣಿಯ ಯಂತ್ರಗಳನ್ನು ತಿರುಗಿಸಿತು. ಆರಂಭದಲ್ಲಿ ಆರು ವಿದ್ಯುಜ್ಜನಕಗಳಿದ್ದು, ಅವುಗಳ ಒಟ್ಟು ಸಾಮರ್ಥ್ಯ ಸುಮಾರು 6,000 ಅಶ್ವಶಕ್ತಿಯಷ್ಟಿತ್ತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಮಾರ್ಗಗಳು ಆಗ ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು. ಯೋಜನೆಗೆ ನೀರೆರೆದ ಶೇಷಾದ್ರಿ ಅಯ್ಯರ್ ಅವರಿಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. ಅವರು 1901ರಲ್ಲಿಯೇ ತೀರಿಕೊಂಡಿದ್ದರು. ಮುಂದೆ 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ವಿದ್ಯುದ್ದೀಪ ಬಂದಿತು. ಕಾಲಕಾಲಕ್ಕೆ ಯಂತ್ರಗಳು ಹೆಚ್ಚಿ ಕೇಂದ್ರದ ಸಾಮರ್ಥ್ಯವು 42 ಮೆಗಾವಾಟಿಗೆ ಏರಿತು. ನಮ್ಮ ದುಂಡು ಲೆಕ್ಕದಂತೆ, ಅಷ್ಟು ಸಾಮರ್ಥ್ಯಕ್ಕೆ ನಷ್ಟವನ್ನು ಎಣಿಸದೆಯೇ ಸೆಕೆಂಡಿಗೆ ಸುಮಾರು 43 ಘನ ಮೀಟರು ನೀರು ಕೊಳವೆಯಲ್ಲಿ ಇಳಿಯಬೇಕು.

ಬೇಸಗೆಯ ಪ್ರಶ್ನೆ

ಆದರೆ ನದಿಯು ವರ್ಷವಿಡೀ ಅಷ್ಟು ನೀರನ್ನು ಕೊಡುತ್ತದೆಯೇ? ಮಳೆಗಾಲದಲ್ಲಿ ಗೋಕಾಕ ಜಲಪಾತವನ್ನು ಕಂಡವರು ಏಪ್ರಿಲಿನಲ್ಲಿ ಹೋಗಿ ನೋಡಿದರೆ ಬರಿಯ ಬಂಡೆಯನ್ನು ಕಂಡು ನಿರಾಶರಾಗುತ್ತಾರೆ. ಕಾವೇರಿಯದೂ ಅದೇ ಪಾಡು. ಮಳೆಗಾಲದಲ್ಲಿ ಬೇಕಾದುದಕ್ಕಿಂತ ಬಹುಪಾಲು ಹೆಚ್ಚು, ಬೇಸಗೆಯಲ್ಲಿ ಬೇಕಾದುದಕ್ಕಿಂತ ಕಡಮೆ. ಗಣಿಯ ಯಂತ್ರಗಳಾದರೋ ಋತುವನ್ನು ನೋಡಿ ನಿಲ್ಲುವಂತಿಲ್ಲ. ನೀರನ್ನು ಮೇಲೆಲ್ಲಿಯಾದರೂ ಕೂಡಿಟ್ಟು, ವರ್ಷವಿಡೀ ಒಂದೇ ಸಮನೆ ಬಿಡಬೇಕು. ಈ ಅಗತ್ಯವೂ, ಮಂಡ್ಯದ ಹೊಲಗಳಿಗೆ ನೀರುಣಿಸುವ ಹಂಬಲವೂ ಸೇರಿ, 1911ರಲ್ಲಿ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಅದರ ಹಿಂದೆ ಆಗಿನ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ದೃಢಸಂಕಲ್ಪವಿತ್ತು. ಇಂದು ಸುಮಾರು 49 ಸಾವಿರ ಮಿಲಿಯನ್ ಘನ ಅಡಿ ನೀರನ್ನು ಹಿಡಿಯುವ ಆ ಸಾಗರದ ಹುಟ್ಟಿಗೆ ಕೆಳಗಿನ ಈ ಸಣ್ಣ ನಡುಗಡ್ಡೆಯ ಜಲಪಾತವೂ ಒಂದು ಕಾರಣವೆಂಬುದು ಅನೇಕರಿಗೆ ತಿಳಿಯದು.

ನಮ್ಮ ಘಟಪ್ರಭೆಯ ಕಥೆಯೂ ಇದೇ ದಾರಿಯಲ್ಲಿ ನಡೆದಿದೆ. ಗೋಕಾಕ ಜಲಪಾತದ ಮೇಲ್ಗಡೆ ಧುಪದಾಳದ ಒಡ್ಡು 1897ರಲ್ಲಿಯೂ, ಅದಕ್ಕೂ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವು 1977ರಲ್ಲಿಯೂ ಪೂರ್ಣಗೊಂಡುವು. ಅಲ್ಲಿ ಕೂಡಿಟ್ಟ ನೀರು ಇಂದು ಗೋಕಾಕ, ಮೂಡಲಗಿಗಳ ಕಬ್ಬಿನ ಹೊಲಗಳಿಗೆ ಕಾಲುವೆಗಳಲ್ಲಿ ಹೋಗುತ್ತದೆ. ಕಾಲುವೆಗೆ ತಿರುಗಿದ ನೀರು ಜಲಪಾತದಿಂದ ಬೀಳುವುದಿಲ್ಲ. ಒಂದು ಹನಿಯು ಒಂದು ದಾರಿಯನ್ನೇ ಹಿಡಿಯಬಲ್ಲುದು.

ಇಳಿದ ನೀರು, ಏರಿದ ನೀರು

ಶಿವನಸಮುದ್ರದ ಬಳಿ ಈ ಸತ್ಯವು ಇನ್ನೂ ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. 1974ರಿಂದ ಬೆಂಗಳೂರು ನಗರವು ಕುಡಿಯುವ ನೀರನ್ನು ಇಲ್ಲಿಂದಲೇ ಪಡೆಯುತ್ತಿದೆ. ಜಲಪಾತಕ್ಕಿಂತ ಮೇಲೆ ತೆಗೆದುಕೊಂಡ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಳಿಸಿ, ಸುಮಾರು ನೂರು ಕಿಲೋಮೀಟರು ದೂರದ ಕೊಳವೆಗಳಲ್ಲಿ ಹಂತಹಂತವಾಗಿ ಮೇಲಕ್ಕೆ ತಳ್ಳಲಾಗುತ್ತದೆ. ಕೊಳವೆಯೊಳಗಿನ ಘರ್ಷಣೆಯನ್ನೂ ಸೇರಿಸಿದರೆ ಇದು ನೀರನ್ನು ಸುಮಾರು 500 ಮೀಟರು ಎತ್ತಿದಷ್ಟು ಕೆಲಸ.

ನಮ್ಮ ಒಂದು ಲೀಟರಿನ ಲೆಕ್ಕವನ್ನು ಮತ್ತೆ ನೆನೆಯಿರಿ. ಆ ಲೀಟರು ಜಲಪಾತದಲ್ಲಿ ಇಳಿದರೆ 980 ಜೂಲುಗಳನ್ನು ಕೊಡುತ್ತದೆ. ಅದನ್ನೇ ಬೆಂಗಳೂರಿಗೆ ಏರಿಸಬೇಕಾದರೆ ಸುಮಾರು 4,900 ಜೂಲುಗಳನ್ನು ಕೇಳುತ್ತದೆ. ಒಂದು ಲೀಟರನ್ನು ಏರಿಸಲು ಐದು ಲೀಟರುಗಳು ಇಳಿಯಬೇಕು. ಯಂತ್ರಗಳ ನಷ್ಟವನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. ಬಾಯಾರಿದ ನಗರಕ್ಕೆ ನೀರು ಬೇಡವೆನ್ನಲು ಯಾರಿಂದಲೂ ಆಗದು. ಆದರೆ ನಲ್ಲಿಯನ್ನು ತಿರುಗಿಸಿ ಸುಮ್ಮನೆ ಹರಿಯಬಿಟ್ಟ ನೀರಿನ ಜೊತೆಗೆ ಎಲ್ಲಿಯೋ ಉತ್ಪನ್ನವಾದ ವಿದ್ಯುತ್ತೂ ಹರಿದುಹೋಗುತ್ತದೆಂಬುದನ್ನು ಭೌತಶಾಸ್ತ್ರವು ನಮಗೆ ನೆನಪಿಸುತ್ತದೆ.

ನಡುಗಡ್ಡೆಗೆ ದೊರೆತುದೇನು?

ಕೊನೆಗೆ ಆರ್ಥಿಕ ಪ್ರಶ್ನೆ. ಒಂದು ಸ್ಥಳದ ಆಸ್ತಿಯೆಂದರೆ ಸಾಮಾನ್ಯವಾಗಿ ಅದರ ನೆಲ, ಬೆಳೆ, ಖನಿಜಗಳನ್ನು ಎಣಿಸುತ್ತೇವೆ. ಶಿವನಸಮುದ್ರದ ನೆಲ ಅಲ್ಪ, ಬಂಡೆ ಬಹಳ. ಅದರ ಬಹುದೊಡ್ಡ ಆಸ್ತಿ ಎರಡು ತುದಿಗಳ ನಡುವಿನ ನೂರು ಮೀಟರುಗಳ ಎತ್ತರ. ಈ ಎತ್ತರವು ಚಿನ್ನವನ್ನು ಅಗೆಯಿತು, ರಾಜಧಾನಿಗಳಿಗೆ ಬೆಳಕನ್ನು ಕೊಟ್ಟಿತು. ಆದರೆ ಯಂತ್ರಾಗಾರವು ನಿಂತುದು ಎಡದಂಡೆಯಲ್ಲಿ. ನಡುಗಡ್ಡೆಯು ಆಗ ಪರರಾಜ್ಯದ ನೆಲ. ವಿದ್ಯುತ್ತು ಮೊದಲು ಗಣಿಗೆ, ಬಳಿಕ ನಗರಗಳಿಗೆ ಹೋಯಿತು. ಸುತ್ತಲಿನ ಹಳ್ಳಿಗಳ ಸರದಿ ಬಂದುದು ಅವೆಲ್ಲದರ ನಂತರ. ನಡುಗಡ್ಡೆಯ ಜೀವನವು ಇಂದಿಗೂ ಬಹುಮಟ್ಟಿಗೆ ಗುಡಿಗೆ ಬರುವ ಭಕ್ತರನ್ನೂ, ಗಗನಚುಕ್ಕಿಯ ಬಳಿಯ ದರ್ಗಾಕ್ಕೆ ಬರುವ ಯಾತ್ರಿಕರನ್ನೂ, ಮಳೆಗಾಲದಲ್ಲಿ ಜಲಪಾತವನ್ನು ನೋಡಲು ಬರುವ ಪ್ರವಾಸಿಗರನ್ನೂ ಅವಲಂಬಿಸಿದೆ. ಯಾವ ಗಣಿಗಾಗಿ ಇಷ್ಟೆಲ್ಲ ನಡೆಯಿತೋ ಆ ಕೋಲಾರದ ಗಣಿಯೇ 2001ರಲ್ಲಿ ಮುಚ್ಚಿತು. ಚಿನ್ನ ಮುಗಿಯಿತು, ಎತ್ತರ ಉಳಿದಿದೆ. ಮಳೆ ಬರುವವರೆಗೆ ಅದು ಉಳಿದೇ ಇರುತ್ತದೆ.

ಬೇರೆ ದಾರಿ ಇರಲಿಲ್ಲವೇ ಎಂದು ಕೇಳುವವರು ನಮ್ಮ ಹುಕ್ಕೇರಿಯ ಕಡೆ ನೋಡಬಹುದು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ತನ್ನು ಕೊಂಡು ಹಳ್ಳಿಗಳ ತನ್ನ ಸದಸ್ಯರಿಗೆ ಹಂಚುತ್ತ ಬಂದಿದೆ. ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಐದು ಇಂತಹ ಸಂಘಗಳಲ್ಲಿ ಅದೂ ಒಂದು, ಕರ್ನಾಟಕದಲ್ಲಿ ಅದೊಂದೇ. ವಿದ್ಯುತ್ತನ್ನು ಎಲ್ಲಿ ಉತ್ಪಾದಿಸಬೇಕೆಂಬುದನ್ನು ನೀರಿನ ಎತ್ತರವು ನಿಶ್ಚಯಿಸುತ್ತದೆ. ಅದು ಯಾರ ಮನೆಯನ್ನು ಮೊದಲು ಬೆಳಗಬೇಕೆಂಬುದನ್ನು ಮಾತ್ರ ಮನುಷ್ಯರೇ ನಿಶ್ಚಯಿಸಬೇಕು.

ಮುಂದಿನ ಮಳೆಗಾಲದಲ್ಲಿ ಗೋಕಾಕದ ತೂಗುಸೇತುವೆಯ ಮೇಲೆ ನಿಂತಾಗ, ವಿದ್ಯಾರ್ಥಿಮಿತ್ರರೇ, ಜಲಪಾತದ ಅಂದವನ್ನು ಕಣ್ತುಂಬ ನೋಡಿರಿ. ಬಳಿಕ ಜೇಬಿನಿಂದ ಕಾಗದವನ್ನು ತೆಗೆದು 52ನ್ನು 9.8ರಿಂದ ಗುಣಿಸಿರಿ. ನಿಮ್ಮ ಕಣ್ಣೆದುರಿಗೆ ಬೀಳುತ್ತಿರುವ ಪ್ರತಿಯೊಂದು ಲೀಟರಿನ ಬೆಲೆಯು ಜೂಲುಗಳಲ್ಲಿ ದೊರೆಯುತ್ತದೆ. ಆ ಬೆಲೆಯು ಯಾರಿಗೆ ಸಲ್ಲುತ್ತಿದೆಯೆಂಬ ಎರಡನೆಯ ಲೆಕ್ಕವನ್ನೂ ಮರೆಯದೆ ಮಾಡಿರಿ.